ಕಿಡ್ನಿಯಲ್ಲಿ ಗಂಟು ಅಂದ್ರು: ನೀರುಗುಳ್ಳೆಯೋ ಗಡ್ಡೆಯೋ, ಗೊತ್ತಾಗೋದು ಹೇಗೆ?

ಈ ಸಲದ ಮಾತು ಸ್ಕ್ಯಾನ್ ರಿಪೋರ್ಟಿನ ಒಂದು ಸಾಲಿನ ಬಗ್ಗೆ. ಮಾದಾಪುರ, ಗಚ್ಚಿಬೌಲಿ, ಕೊಂಡಾಪುರದ ಕಡೆ ಕೆಲಸ ಮಾಡೋ ನಮ್ಮವರ ಕೈಗೆ ಈ ಸಾಲು ಎರಡು ದಾರಿಯಲ್ಲಿ ಬರುತ್ತೆ. ಒಂದು, ಕಂಪನಿಯವರು ವರ್ಷಕ್ಕೊಮ್ಮೆ ಮಾಡಿಸೋ ಹೆಲ್ತ್ ಚೆಕಪ್. ಅದರಲ್ಲಿ ಹೊಟ್ಟೆಯ ಅಲ್ಟ್ರಾಸೌಂಡ್ ಇದ್ದೇ ಇರುತ್ತೆ. ಇನ್ನೊಂದು, ಊರಿಂದ ಬಂದ ಅಪ್ಪ-ಅಮ್ಮ, ಮಾವ-ಅತ್ತೆಯ ಫೈಲು. ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ದೊಡ್ಡಾಸ್ಪತ್ರೆ ಅಂದ್ರೆ ಇವತ್ತಿಗೂ ಬೆಂಗಳೂರಿಗಿಂತ ಮೊದಲು ಹೈದರಾಬಾದೇ ನೆನಪಾಗೋದು. ನಿಜಾಮರ ಕಾಲದ ನಂಟು ಅದು, ದೂರವೂ ಕಮ್ಮಿ. ಹಾಗಾಗಿ ಇಲ್ಲಿ ಎರಡು ಬೆಡ್‌ರೂಮಿನ ಮನೆ ಮಾಡಿರೋ ಕನ್ನಡದ ಎಂಜಿನಿಯರು ನೆಂಟರ ಪಾಲಿಗೆ ಅರ್ಧ ಡಾಕ್ಟರು. ರಿಪೋರ್ಟು ಓದಿ ಹೇಳೋ ಕೆಲಸ ಅವರದ್ದೇ.

ಆ ಸಾಲು ಹೀಗಿರುತ್ತೆ: ಬಲ ಮೂತ್ರಪಿಂಡದ ಮೇಲ್ತುದಿಯಲ್ಲಿ 2.8 ಸೆಂ.ಮೀ. ಸಿಸ್ಟಿಕ್ ಲೀಶನ್, ಸಜೆಸ್ಟ್ ಸಿಇಸಿಟಿ. ಇದನ್ನು ಓದಿದ ಅರ್ಧ ಜನ ರಾತ್ರಿಯಿಡೀ ಗೂಗಲ್ ಮಾಡಿ ಕ್ಯಾನ್ಸರ್ ಅಂತ ತೀರ್ಮಾನ ಮಾಡ್ತಾರೆ. ಇನ್ನರ್ಧ ಜನ ‘ಸಿಸ್ಟ್ ತಾನೇ, ನೀರುಗುಳ್ಳೆ, ಬಿಡು’ ಅಂತ ಫೈಲನ್ನು ಅಲ್ಮೇರಾ ಮೇಲೆ ಎಸೀತಾರೆ. ನನಗೆ ಹೆಚ್ಚು ಭಯ ಆಗೋದು ಈ ಎರಡನೇ ಗುಂಪಿನ ಬಗ್ಗೆ. ಯಾಕಂದ್ರೆ ‘ಸಿಸ್ಟ್’ ಮತ್ತು ‘ಸಿಸ್ಟಿಕ್ ಲೀಶನ್’ ಒಂದೇ ಅಲ್ಲ. ಮೊದಲನೆಯದು ಉತ್ತರ. ಎರಡನೆಯದರಲ್ಲಿ ಸ್ಕ್ಯಾನ್ ಮಾಡಿದವರು ‘ಒಳಗೆ ನೀರಿದೆ, ಆದ್ರೆ ನೀರಷ್ಟೇ ಇದೆ ಅಂತ ನಾನು ಹೇಳಲಾರೆ’ ಅಂತಿದ್ದಾರೆ.

ಭಾಷೆಯದೂ ಒಂದು ತಕರಾರಿದೆ. ಇಲ್ಲಿನ ಡಾಕ್ಟರು ತೆಲುಗಿನಲ್ಲಿ ‘ಕಿಡ್ನೀಲೋ ಗಡ್ಡ ಉಂದಿ’ ಅಂತಾರೆ. ನಮಗೆ ಗಡ್ಡ ಅಂದ್ರೆ ಮುಖದ ಮೇಲಿರೋದು, ಅದು ಬೇರೆ ಮಾತು! ಆದ್ರೆ ತೆಲುಗಿನ ಗಡ್ಡ, ನಮ್ಮ ಗಡ್ಡೆ, ಗಂಟು, ಇಂಗ್ಲಿಷಿನ ಮಾಸ್ ಇವೆಲ್ಲ ‘ಅಲ್ಲಿ ಏನೋ ಬೆಳೆದಿದೆ’ ಅನ್ನೋದನ್ನಷ್ಟೇ ಹೇಳುತ್ವೆ. ಏನು ಬೆಳೆದಿದೆ ಅಂತ ಹೇಳಲ್ಲ. ಕ್ಯಾನ್ಸರ್ ಅಂತ ಅಂತೂ ಹೇಳಲ್ಲ. ಊರಿನ ಹಿರಿಯರು ಗಡ್ಡೆ ಅನ್ನೋ ಪದ ಕೇಳಿದ ತಕ್ಷಣ ಊಟ ಬಿಡ್ತಾರೆ. ಆದ್ದರಿಂದ ಅನುವಾದ ಮಾಡೋವಾಗ ಸ್ವಲ್ಪ ನಿಧಾನ.

ಈಗ ವಿಷಯಕ್ಕೆ ಬರೋಣ. ಗಾತ್ರದಿಂದ ಶುರು ಮಾಡಬೇಡಿ. 8 ಸೆಂ.ಮೀ. ಇದ್ದೂ ಪೂರ್ತಿ ನಿರುಪದ್ರವಿಯಾದ ನೀರುಗುಳ್ಳೆ ಇರಬಹುದು, 2 ಸೆಂ.ಮೀ. ಇದ್ದೂ ಕ್ಯಾನ್ಸರ್ ಇರಬಹುದು. ನೋವಿನಿಂದಲೂ ಶುರು ಮಾಡಬೇಡಿ. ಮೂತ್ರಪಿಂಡ ಹೊಟ್ಟೆಯ ಹಿಂಭಾಗದಲ್ಲಿ, ಕರುಳಿನ ಹಿಂದೆ, ಕೊಬ್ಬಿನ ಮೆತ್ತೆಯಲ್ಲಿ ಕೂತಿರುತ್ತೆ. ಅಲ್ಲಿ ಜಾಗ ಬಹಳ. ಬೆಳೆಯೋದು ಯಾರಿಗೂ ತಾಗದೆ ಬೆಳೀತಾ ಹೋಗಬಹುದು. 2022ರಲ್ಲಿ ಇದೇ ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ನೆಫ್ರಾಲಜಿ ಅಂಡ್ ಯೂರಾಲಜಿಯಲ್ಲಿ ವೈದ್ಯರು ಒಬ್ಬರ ಮೂತ್ರಪಿಂಡದಿಂದ ಫುಟ್‌ಬಾಲ್ ಗಾತ್ರದ, ಸುಮಾರು 10 ಕೆ.ಜಿ. ತೂಕದ ಗಡ್ಡೆ ತೆಗೆದ ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂತು. 10 ಕೆ.ಜಿ. ಅಂದ್ರೆ ಒಂದು ವರ್ಷದ ಮಗುವಿನ ತೂಕ. ಅಷ್ಟು ಬೆಳೆಯೋಕೂ ಅಲ್ಲಿ ಜಾಗ ಇತ್ತು ಅನ್ನೋದನ್ನು ಗಮನಿಸಿ. ಹಳೆಯ ಪಠ್ಯಪುಸ್ತಕಗಳಲ್ಲಿ ಕಿಡ್ನಿ ಕ್ಯಾನ್ಸರಿಗೆ ಮೂರು ಲಕ್ಷಣ ಬರೆದಿರ್ತಾರೆ: ಮೂತ್ರದಲ್ಲಿ ರಕ್ತ, ಪಕ್ಕೆ ನೋವು, ಕೈಗೆ ಸಿಗೋ ಗಂಟು. ಮೂರೂ ಒಟ್ಟಿಗೆ ಇರೋ ರೋಗಿಗಳು ಈಗ ನೂರಕ್ಕೆ ಹತ್ತು ಜನವೂ ಸಿಗಲ್ಲ. ಹೆಚ್ಚಿನವು ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಅಕಸ್ಮಾತ್ ಕಣ್ಣಿಗೆ ಬೀಳೋವು.

ಒಂದು ಲಕ್ಷಣವನ್ನು ಮಾತ್ರ ಯಾವತ್ತೂ ಕಡೆಗಣಿಸಬೇಡಿ, ನೋವಿಲ್ಲದೆ ಮೂತ್ರ ಕೆಂಪಾಗೋದು. ನಮ್ಮಲ್ಲಿ ‘ಉಷ್ಣ ಆಗಿದೆ’ ಅಂತೀವಿ, ಇಲ್ಲಿ ‘ವೇಡಿ ಚೇಸಿಂದಿ’ ಅಂತಾರೆ, ಎರಡೂ ಕಡೆ ಎಳನೀರು ಕುಡಿಸ್ತಾರೆ. ಎರಡು ದಿನದಲ್ಲಿ ಬಣ್ಣ ತಿಳಿಯಾಗುತ್ತೆ, ಎಲ್ಲರೂ ಮರೀತಾರೆ. ಗಡ್ಡೆಯಿಂದ ಬರೋ ರಕ್ತವೂ ಹೀಗೇ ಬಂದು ಬಂದು ನಿಲ್ಲುತ್ತೆ. ಒಂದೇ ಸಲ ಬಂದಿದ್ರೂ ತೋರಿಸಿ.

ಅಲ್ಟ್ರಾಸೌಂಡ್ ಏನು ಹೇಳಬಲ್ಲದು?

ಅಲ್ಟ್ರಾಸೌಂಡ್ ಅಂದ್ರೆ ಶಬ್ದ ಕಳಿಸಿ ಪ್ರತಿಧ್ವನಿ ಕೇಳೋದು. ತಿಳಿನೀರಿನಲ್ಲಿ ಪ್ರತಿಧ್ವನಿ ಹುಟ್ಟಲ್ಲ, ಹಾಗಾಗಿ ಅದು ಪೂರ್ತಿ ಕಪ್ಪಾಗಿ ಕಾಣುತ್ತೆ. ನೀರಿನ ಮೂಲಕ ಶಬ್ದ ಸಲೀಸಾಗಿ ಹಾದುಹೋಗೋದರಿಂದ ಗುಳ್ಳೆಯ ಹಿಂದಿನ ಭಾಗ ಅಕ್ಕಪಕ್ಕಕ್ಕಿಂತ ಬೆಳ್ಳಗೆ ಕಾಣುತ್ತೆ. ಗೋಡೆ ತೆಳು, ಅಂಚು ಪೆನ್ಸಿಲಿನಲ್ಲಿ ಗೆರೆ ಎಳೆದ ಹಾಗೆ. ಇಷ್ಟೂ ಇದ್ದರೆ ಅದು ಸಾದಾ ನೀರುಗುಳ್ಳೆ, ಸಿಂಪಲ್ ಸಿಸ್ಟ್. ಕಥೆ ಅಲ್ಲಿಗೇ ಮುಗೀತು. ಸಿಟಿ ಬೇಡ, ಎಂಆರ್‌ಐ ಬೇಡ, ವರ್ಷ ವರ್ಷ ನೋಡಿಸೋದೂ ಬೇಡ. 50 ದಾಟಿದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇಂಥದ್ದು ಒಂದಾದರೂ ಇರುತ್ತೆ. ತಲೆಗೂದಲು ಬೆಳ್ಳಗಾದ ಹಾಗೆ. ‘ಸಾದಾ ಗುಳ್ಳೆ ಇವತ್ತಲ್ಲ ನಾಳೆ ಕ್ಯಾನ್ಸರ್ ಆಗುತ್ತೆ’ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ.

ಆದ್ರೆ ಕಪ್ಪಿನೊಳಗೆ ಬೂದು ಚುಕ್ಕೆ ಕಂಡರೆ, ಅಡ್ಡಗೋಡೆ ಕಂಡರೆ, ಗೋಡೆ ದಪ್ಪ ಕಂಡರೆ ಅಥವಾ ಇಡೀ ಗಂಟು ಬೂದಾಗಿ ಕಂಡರೆ ಅಲ್ಟ್ರಾಸೌಂಡ್ ಕೈ ಎತ್ತುತ್ತೆ. ದಪ್ಪಗಿನ ಮೈ, ಒಳಗೆ ಗ್ಯಾಸು ಇದ್ದರೂ ಅಷ್ಟೇ. ಆಗ ಬರೆಯೋದೇ ಆ ‘ಸಜೆಸ್ಟ್ ಸಿಇಸಿಟಿ’.

ಇನ್ನೊಂದು ಪ್ರಸಂಗ ನಮ್ಮ ಐಟಿಯವರಿಗೆ ತುಂಬಾ ಅನ್ವಯಿಸೋದು. ಇಲ್ಲಿನ ಬಿಸಿಲು, ದಿನವಿಡೀ ಏಸಿಯಲ್ಲಿ ಕೂತು ನೀರು ಕುಡಿಯೋದೇ ಮರೆತುಹೋಗೋದು, ಕೊನೆಗೆ ಕಿಡ್ನಿ ಕಲ್ಲು. ಕಲ್ಲಿಗೆ ಮಾಡೋದು ಪ್ಲೇನ್ ಸಿಟಿ, ಅಂದ್ರೆ ರಕ್ತನಾಳಕ್ಕೆ ಔಷಧಿ ಕೊಡದೆ ಮಾಡೋ ಸಿಟಿ. ಅದರಲ್ಲಿ ಕಲ್ಲಿನ ಜೊತೆ ಒಂದು ಗಂಟೂ ಕಂಡಿತು ಅಂತಿಟ್ಟುಕೊಳ್ಳಿ. ಕಲ್ಲು ಹೋಗುತ್ತೆ, ನೋವೂ ಹೋಗುತ್ತೆ, ರಿಪೋರ್ಟಿನ ಎರಡನೇ ಸಾಲು ಯಾರ ನೆನಪಲ್ಲೂ ಇರಲ್ಲ. ಹಳೆಯ ಕಲ್ಲಿನ ಸಿಟಿ ರಿಪೋರ್ಟು ಮೇಲ್‌ನಲ್ಲಿ ಇದ್ದರೆ ಇವತ್ತು ಒಂದು ಸಲ ತೆಗೆದು ಕೊನೆ ತನಕ ಓದಿ.

ಸಿಟಿಯ ಒಳಗಿನ ಲೆಕ್ಕ

ಇದು ನಿಮಗೆ ಇಷ್ಟ ಆಗೋ ಭಾಗ. ಸಿಟಿ ಸ್ಕ್ಯಾನರ್ ಮಾಡಿದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಡಾಕ್ಟರಲ್ಲ, ಇಂಗ್ಲೆಂಡಿನ ಇಎಂಐ ಕಂಪನಿಯ ಎಂಜಿನಿಯರು. ಅದಕ್ಕೂ ಮೊದಲು ಕಂಪ್ಯೂಟರ್ ವಿನ್ಯಾಸ ಮಾಡ್ತಿದ್ದವರು. ಒಂದು ಲೆಕ್ಕದಲ್ಲಿ ನಿಮ್ಮ ಜಾತಿಯವರೇ. 1971ರಲ್ಲಿ ಮೊದಲ ರೋಗಿಯ ಸ್ಕ್ಯಾನ್ ಆಯ್ತು, 1979ರಲ್ಲಿ ಅವರಿಗೂ ಆಲನ್ ಕಾರ್ಮ್ಯಾಕ್‌ಗೂ ನೊಬೆಲ್ ಬಂತು. ಸಿಟಿ ಚಿತ್ರದ ಪ್ರತಿ ಚುಕ್ಕೆಗೂ ಒಂದು ಸಂಖ್ಯೆ ಇರುತ್ತೆ, ಅದನ್ನು ಅವರ ಹೆಸರಲ್ಲೇ ಹೌನ್ಸ್‌ಫೀಲ್ಡ್ ಯೂನಿಟ್, ಚಿಕ್ಕದಾಗಿ ಎಚ್‌ಯು ಅಂತಾರೆ. ನೀರು 0. ಗಾಳಿ ಮೈನಸ್ 1000. ಕೊಬ್ಬು ಮೈನಸ್ 100ರ ಆಸುಪಾಸು. ಕಿಡ್ನಿಯ ಮಾಂಸ ಔಷಧಿ ಕೊಡೋ ಮೊದಲು 30ರಿಂದ 40ರ ಸುತ್ತ.

ಪ್ಲೇನ್ ಸಿಟಿಯಲ್ಲಿ ಗಂಟಿನ ಸಂಖ್ಯೆ ಎಲ್ಲ ಕಡೆ ಒಂದೇ ಸಮ ಇದ್ದು, 20ಕ್ಕಿಂತ ಕಡಿಮೆ ಇದ್ದರೆ ಅದು ನೀರು. 70ಕ್ಕಿಂತ ಹೆಚ್ಚಿದ್ದು ಒಂದೇ ಸಮ ಇದ್ದರೆ ಒಳಗೆ ಹಳೆಯ ರಕ್ತ ಹೆಪ್ಪುಗಟ್ಟಿದ ಗುಳ್ಳೆ, ಅದೂ ನಿರುಪದ್ರವಿ. ತೊಂದರೆ 20ರಿಂದ 70ರ ನಡುವಿನದ್ದು. ಅದು ಗಟ್ಟಿ ನೀರೂ ಆಗಿರಬಹುದು, ಗಡ್ಡೆಯೂ ಆಗಿರಬಹುದು. ಸಂಖ್ಯೆ ನೋಡಿ ಹೇಳೋಕಾಗಲ್ಲ.

ಇಲ್ಲಿಗೆ ಕಾಂಟ್ರಾಸ್ಟ್ ಬೇಕು. ಕೈಯ ನಾಳಕ್ಕೆ ಅಯೋಡಿನ್ ಇರೋ ಔಷಧಿ ಕೊಟ್ಟು, ಸುಮಾರು ಒಂದೂವರೆ ನಿಮಿಷ ಬಿಟ್ಟು, ಅದೇ ಜಾಗದ ಚಿತ್ರ ಮತ್ತೆ ತೆಗೀತಾರೆ. ಆಮೇಲೆ ಮಾಡೋದು ನೀವು ದಿನಾ ಮಾಡೋ ಕೆಲಸ: ಮೊದಲಿನದಕ್ಕೂ ನಂತರದ್ದಕ್ಕೂ ಡಿಫ್. ಬದುಕಿರೋ ಅಂಗಾಂಶಕ್ಕೆ ರಕ್ತ ಬೇಕು, ರಕ್ತ ಹೋದ ಕಡೆ ಅಯೋಡಿನ್ ಹೋಗುತ್ತೆ, ಸಂಖ್ಯೆ ಏರುತ್ತೆ. ನೀರಿಗೆ ರಕ್ತನಾಳ ಇಲ್ಲ, ಸಂಖ್ಯೆ ಇದ್ದಲ್ಲೇ ಇರುತ್ತೆ. ವ್ಯತ್ಯಾಸ 10ಕ್ಕಿಂತ ಕಡಿಮೆ ಇದ್ದರೆ ರಕ್ತ ಹರಿದಿಲ್ಲ ಅಂತ ಅರ್ಥ. 20 ದಾಟಿದರೆ ಹರಿದಿದೆ, ಅದು ಜೀವಂತ ಅಂಗಾಂಶ. ನಡುವಿನದ್ದು ಅನುಮಾನ. ಕಿಡ್ನಿ ಕ್ಯಾನ್ಸರಿನಲ್ಲಿ ಪ್ಯಾಪಿಲರಿ ಅನ್ನೋ ಒಂದು ಬಗೆ ರಕ್ತವನ್ನು ಬಹಳ ಕಮ್ಮಿ ಎಳೆದುಕೊಳ್ಳೋದರಿಂದ ಇದೇ ಅನುಮಾನದ ಪಟ್ಟಿಯಲ್ಲಿ ಅಡಗಿ ಕೂರುತ್ತೆ. ಅಂಥ ಕಡೆ ಎಂಆರ್‌ಐ ಉಪಯೋಗಕ್ಕೆ ಬರುತ್ತೆ.

ಇದರಿಂದ ಒಂದು ವ್ಯಾವಹಾರಿಕ ಮಾತು. ಕಾಂಟ್ರಾಸ್ಟ್ ಸಿಟಿ ಬರೆಸಿಕೊಂಡು ಹೋದಾಗ ಪ್ಲೇನ್ ಚಿತ್ರವನ್ನೂ ತೆಗೀತಾರಾ ಅಂತ ಸೆಂಟರಿನಲ್ಲಿ ಕೇಳಿ. ಕೆಲವು ಕಡೆ ಸಮಯ ಉಳಿಸೋಕೆ, ವಿಕಿರಣ ಕಮ್ಮಿ ಮಾಡೋಕೆ ಅಂತ ಔಷಧಿ ಕೊಟ್ಟ ನಂತರದ್ದನ್ನು ಮಾತ್ರ ತೆಗೀತಾರೆ. ಬೇರೆ ಕಾಯಿಲೆಗೆ ಅದು ಸರಿ. ಕಿಡ್ನಿ ಗಂಟಿಗೆ ಸಾಲದು, ಹೋಲಿಸೋಕೆ ಹಳೆ ವರ್ಷನ್ನೇ ಇಲ್ಲದಿದ್ದರೆ ಡಿಫ್ ಎಲ್ಲಿಂದ ಮಾಡೋದು? ಸ್ಕ್ಯಾನಿಗೆ ಮೊದಲು ಕ್ರಿಯಾಟಿನಿನ್ ಪರೀಕ್ಷೆ ಆಗಿರಬೇಕು. ಅಲರ್ಜಿ ಇದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ತಿದ್ದರೆ ಮೊದಲೇ ಹೇಳಿ. ಕಿಡ್ನಿ ಕೆಲಸವೇ ಕುಂದಿದವರಿಗೆ ಸೂಕ್ಷ್ಮ ಗುಳ್ಳೆಗಳ ಔಷಧಿ ಕೊಟ್ಟು ಮಾಡೋ ಅಲ್ಟ್ರಾಸೌಂಡ್ ಇದೆ, ಆ ಔಷಧಿ ಕಿಡ್ನಿಯ ಮೂಲಕ ಹೊರಗೆ ಹೋಗಲ್ಲ.

‘ಪೆಟ್ ಸ್ಕ್ಯಾನೇ ಮಾಡಿಸಿಬಿಡೋಣ, ದುಡ್ಡು ಹೋದರೆ ಹೋಯ್ತು’ ಅನ್ನೋರು ಬಹಳ. ಮಾಮೂಲಿ ಪೆಟ್‌ಗೆ ಕೊಡೋ ಸಕ್ಕರೆಯಂಥ ವಸ್ತು ಮೂತ್ರದಲ್ಲೇ ಹೊರಗೆ ಹೋಗುತ್ತೆ. ಹಾಗಾಗಿ ಕಿಡ್ನಿ ಎರಡೂ ಬಲ್ಬಿನ ಹಾಗೆ ಹೊಳೀತಿರುತ್ವೆ, ಅದರೊಳಗೆ ಗಂಟನ್ನು ಹುಡುಕೋದು ಕಷ್ಟ. ಇನ್ನು ಚೆಕಪ್ ಪ್ಯಾಕೇಜುಗಳಲ್ಲಿ ‘ಕ್ಯಾನ್ಸರ್ ಮಾರ್ಕರ್’ ಅಂತ ಮಾರ್ತಾರಲ್ಲ, ಅದರಲ್ಲಿ ಕಿಡ್ನಿ ಕ್ಯಾನ್ಸರಿಗೆ ಒಂದೂ ಇಲ್ಲ. ಆ ಪಟ್ಟಿ ನಾರ್ಮಲ್ ಬಂದದ್ದು ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ.

ಬೋಸ್ನಿಯಾಕ್ ನಂಬರ್

ನೀರೂ ಇದೆ, ಅಡ್ಡಗೋಡೆಯೂ ಇದೆ ಅನ್ನೋ ಗಂಟುಗಳಿಗೆ ರಿಪೋರ್ಟಿನ ಕೊನೆಯಲ್ಲಿ ‘ಬೋಸ್ನಿಯಾಕ್’ ಅಂತ ಒಂದು ದರ್ಜೆ ಇರುತ್ತೆ. ನ್ಯೂಯಾರ್ಕಿನ ರೇಡಿಯಾಲಜಿಸ್ಟ್ ಮಾರ್ಟನ್ ಬೋಸ್ನಿಯಾಕ್ 1986ರಲ್ಲಿ ಮಾಡಿದ ವರ್ಗೀಕರಣ ಅದು. 2019ರಲ್ಲಿ ಪರಿಷ್ಕರಣೆಯೂ ಆಗಿದೆ. ಒಂದು ಅಂದ್ರೆ ಸಾದಾ ಗುಳ್ಳೆ. ಎರಡು ಅಂದ್ರೆ ಒಂದೆರಡು ಕೂದಲೆಳೆಯಂಥ ಗೋಡೆ, ಸ್ವಲ್ಪ ಸುಣ್ಣ ಕಟ್ಟಿರಬಹುದು. ಇವೆರಡನ್ನೂ ಮರೆತುಬಿಡಬಹುದು. ನಾಲ್ಕು ಅಂದ್ರೆ ಒಳಗೆ ರಕ್ತ ಎಳೆಯೋ ಗಟ್ಟಿ ಗಂಟು ಕಾಣ್ತಾ ಇದೆ. ಹತ್ತರಲ್ಲಿ ಸುಮಾರು ಒಂಬತ್ತು ಕ್ಯಾನ್ಸರೇ ಆಗಿರುತ್ವೆ, ಶಸ್ತ್ರಚಿಕಿತ್ಸೆಯ ಮಾತು ಬರುತ್ತೆ.

ತಲೆನೋವು ಮಧ್ಯದವು. ‘ಎರಡು-ಎಫ್’ ಅನ್ನೋದರ ಎಫ್ ಅಂದ್ರೆ ಫಾಲೋಅಪ್. ಗೋಡೆಗಳು ಜಾಸ್ತಿ, ಅಥವಾ ಕೊಂಚ ದಪ್ಪ, ಆದ್ರೆ ಅನುಮಾನಕ್ಕೆ ಬೇಕಾದಷ್ಟಿಲ್ಲ. ಇವುಗಳಲ್ಲಿ ಕ್ಯಾನ್ಸರ್ ಆಗಿರೋದು ನೂರಕ್ಕೆ ಹತ್ತು ಅಥವಾ ಅದಕ್ಕೂ ಕಮ್ಮಿ. ಆರು ತಿಂಗಳಿಗೆ, ಆಮೇಲೆ ವರ್ಷಕ್ಕೆ, ಹೀಗೆ ಐದು ವರ್ಷ ನೋಡ್ತಾರೆ. ಐದು ವರ್ಷದಲ್ಲಿ ನಮ್ಮವರು ಎಷ್ಟು ಕಂಪನಿ, ಎಷ್ಟು ಊರು ಬದಲಾಯಿಸ್ತಾರೆ ಹೇಳಿ! ಹೈದರಾಬಾದಿನಲ್ಲಿ ಮಾಡಿಸಿದ ಸ್ಕ್ಯಾನನ್ನು ಪುಣೆಯಲ್ಲಿ ಅಥವಾ ಡಲ್ಲಾಸಿನಲ್ಲಿ ಹೋಲಿಸಬೇಕಾಗುತ್ತೆ. ಅದಕ್ಕೆ ಕಾಗದದ ರಿಪೋರ್ಟು ಸಾಲದು, ಫಿಲಂ ಕೂಡ ಸಾಲದು. ಸಿಡಿಯನ್ನೋ ಲಿಂಕನ್ನೋ ಕೇಳಿ ಡೈಕಾಂ ಫೈಲುಗಳನ್ನು ಇಳಿಸಿ ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಸೆಂಟರಿನ ಲಿಂಕು ಸ್ವಲ್ಪ ದಿನಕ್ಕೆ ಸತ್ತುಹೋಗುತ್ತೆ.

ಮೂರನೇ ದರ್ಜೆ ಇನ್ನೂ ಕಷ್ಟ. ಗೋಡೆ ದಪ್ಪ, ಅದಕ್ಕೆ ರಕ್ತವೂ ಹರಿದಿದೆ. ಕ್ಯಾನ್ಸರ್ ಆಗಿರೋ ಸಾಧ್ಯತೆ ಹೆಚ್ಚುಕಮ್ಮಿ ಅರ್ಧಕ್ಕರ್ಧ. ಆದ್ರೆ ಇಂಥ ನೀರು ತುಂಬಿದ ಕ್ಯಾನ್ಸರುಗಳು ಗಟ್ಟಿಯವಕ್ಕಿಂತ ನಿಧಾನ. 75 ವರ್ಷದ, ಹೃದಯದ ತೊಂದರೆ ಇರೋ ಅಜ್ಜನಿಗೆ ಒಂದು ತೀರ್ಮಾನ, 40 ವರ್ಷದ ಮಗನಿಗೆ ಇನ್ನೊಂದು. ಇಲ್ಲಿ ಎರಡನೇ ಅಭಿಪ್ರಾಯ ತಗೊಳ್ಳೋದಕ್ಕೆ ಸಂಕೋಚ ಬೇಡವೇ ಬೇಡ. ಪಂಜಾಗುಟ್ಟದ ನಿಮ್ಸ್ ಇದೆ, ಬೆಂಗಳೂರಿನ ಕಿದ್ವಾಯಿ ಇದೆ, ಕಿದ್ವಾಯಿಯ ಘಟಕ ಕಲಬುರಗಿಯಲ್ಲೂ ಇದೆ. ಖರ್ಚಿನ ಒಂದು ಮಾತು: ತೆಲಂಗಾಣದ ಆರೋಗ್ಯಶ್ರೀ ಈ ರಾಜ್ಯದ ಕಾರ್ಡು ಇದ್ದವರಿಗೆ. ಊರಿನ ಬಿಪಿಎಲ್ ಕಾರ್ಡು ಹಿಡಿದು ಇಲ್ಲಿ ಕೌಂಟರಿನಲ್ಲಿ ನಿಂತು ಬೇಜಾರಾಗಬೇಡಿ, ಕರ್ನಾಟಕದ ಯೋಜನೆಗೆ ಕರ್ನಾಟಕದಲ್ಲೇ ಮೊದಲು ವಿಚಾರಿಸಿ.

ಗಟ್ಟಿ ಅಂದ ಮಾತ್ರಕ್ಕೆ ಕ್ಯಾನ್ಸರಲ್ಲ

ಗಂಟು ಪೂರ್ತಿ ಗಟ್ಟಿ, ರಕ್ತವೂ ಹರಿದಿದೆ. ಈಗಲೂ ಒಂದು ಸಂಖ್ಯೆ ನೋಡೋದಿದೆ. ಪ್ಲೇನ್ ಚಿತ್ರದಲ್ಲಿ ಒಳಗೆ ಎಲ್ಲಾದರೂ ಮೈನಸ್ 10ಕ್ಕಿಂತ ಕೆಳಗಿನ ಜಾಗ ಸಿಕ್ಕಿತಾ? ಸಿಕ್ಕರೆ ಅದು ಕೊಬ್ಬು, ಮತ್ತು ಆ ಗಂಟು ಹೆಚ್ಚಾಗಿ ಆಂಜಿಯೋಮಯೋಲೈಪೋಮ. ಕೊಬ್ಬು, ಸ್ನಾಯು, ರಕ್ತನಾಳ ಸೇರಿ ಆದ, ಕ್ಯಾನ್ಸರಲ್ಲದ ಗಡ್ಡೆ. ಮಧ್ಯವಯಸ್ಸಿನ ಹೆಂಗಸರಲ್ಲಿ ಜಾಸ್ತಿ. ಇದರ ಅಪಾಯ ಒಡೆದು ರಕ್ತ ಸೋರೋದು. 4 ಸೆಂ.ಮೀ. ದಾಟಿದರೆ, ಇಲ್ಲಾ ಮಗುವಿಗೆ ಯೋಚನೆ ಮಾಡ್ತಿದ್ದರೆ ಯೂರಾಲಜಿಸ್ಟ್ ಹತ್ತಿರ ಮಾತಾಡಿ. ಕೆಲವು ಆಂಜಿಯೋಮಯೋಲೈಪೋಮಗಳಲ್ಲಿ ಕೊಬ್ಬು ಕಾಣೋದೇ ಇಲ್ಲ, ಅವು ಕ್ಯಾನ್ಸರಿನ ವೇಷದಲ್ಲೇ ಇರುತ್ವೆ. ಆಂಕೋಸೈಟೋಮ ಅಂತ ಇನ್ನೊಂದಿದೆ, ಅದೂ ನಿರುಪದ್ರವಿ, ಸಿಟಿಯಲ್ಲಿ ಕ್ಯಾನ್ಸರಿನಿಂದ ಬೇರ್ಪಡಿಸೋದು ಬಹುಮಟ್ಟಿಗೆ ಆಗಲ್ಲ. ಇವೆಲ್ಲ ಸೇರಿ 4 ಸೆಂ.ಮೀ.ಗಿಂತ ಚಿಕ್ಕ ಗಟ್ಟಿ ಗಂಟುಗಳಲ್ಲಿ ಸುಮಾರು ಐದರಲ್ಲಿ ಒಂದು ಕ್ಯಾನ್ಸರಲ್ಲ. ಐದರಲ್ಲಿ ಒಬ್ಬರ ಕಿಡ್ನಿಗೆ ಕತ್ತರಿ ಬೇಕಿರಲಿಲ್ಲ ಅಂತ ಓದಿಕೊಳ್ಳಿ.

ನಮ್ಮ ಕಡೆ ಮೋಸ ಮಾಡೋವು ಇನ್ನೂ ಕೆಲವಿವೆ. ಕಿಡ್ನಿಯ ಕ್ಷಯ. ಹಳೆಯ ಕಲ್ಲಿನ ಹಿಂದೆ ಕೀವು ಕಟ್ಟಿ ಗಡ್ಡೆಯ ಹಾಗೇ ಕಾಣೋ ಸೋಂಕು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದನ್ನು ಮರೀಲೇಬಾರದು, ಜ್ವರ ಬಂದಿತ್ತಾ ಅಂತ ಕೇಳಬೇಕು. ಮತ್ತೆ ಹೈಡಾಟಿಡ್: ನಾಯಿಯ ಹೊಟ್ಟೆಯ ಲಾಡಿಹುಳುವಿನ ಮೊಟ್ಟೆಯಿಂದ ಬರೋ ಗುಳ್ಳೆ. ಇದರ ಹಾದಿ ಕುರಿಯಿಂದ ನಾಯಿಗೆ, ನಾಯಿಯಿಂದ ಕುರಿಗೆ, ನಡುವೆ ಸಿಕ್ಕಿಕೊಂಡ ಮನುಷ್ಯನಿಗೆ. ಹೆಚ್ಚಾಗಿ ಪಿತ್ತಜನಕಾಂಗದಲ್ಲಿ, ಅಪರೂಪಕ್ಕೆ ಕಿಡ್ನಿಯಲ್ಲಿ. ದೊಡ್ಡ ಗುಳ್ಳೆಯೊಳಗೆ ಮರಿಗುಳ್ಳೆಗಳು ಕಾಣುತ್ವೆ. ಇದಕ್ಕೆ ಗೊತ್ತಿಲ್ಲದೆ ಸೂಜಿ ಚುಚ್ಚಿದರೆ ಒಳಗಿನ ನೀರು ಸೋರಿ ಜೀವಕ್ಕೇ ಅಪಾಯ ಆಗೋ ಅಲರ್ಜಿ ಬರಬಹುದು. ರಾಯಚೂರು, ಯಾದಗಿರಿ, ಮಹಬೂಬ್‌ನಗರದ ಕಡೆ ಕುರಿ ಸಾಕಿದ ಮನೆಯವರಾಗಿದ್ದರೆ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಗಚ್ಚಿಬೌಲಿಯ ಯುವ ಡಾಕ್ಟರಿಗೆ ನಿಮ್ಮಪ್ಪನ ಕುರಿಹಟ್ಟಿ ಹೇಗೆ ಗೊತ್ತಾಗಬೇಕು?

ಬಯಾಪ್ಸಿ ವಿಷಯ. ‘ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ’ ಅನ್ನೋ ಮಾತು ಪ್ರತಿ ಕುಟುಂಬದಲ್ಲೂ ಒಬ್ಬರ ಬಾಯಲ್ಲಿ ಇದ್ದೇ ಇರುತ್ತೆ. ಗಟ್ಟಿ ಗಂಟಿಗೆ ಈಗ ಮಾಡೋ ಕೋರ್ ಬಯಾಪ್ಸಿಯಲ್ಲಿ ಹಾಗಾಗೋದು ತೀರಾ ಅಪರೂಪ. ನೀರು ತುಂಬಿದ ಅನುಮಾನದ ಗಂಟಿಗೆ ಮಾತ್ರ ಬಯಾಪ್ಸಿ ಅಷ್ಟು ಉಪಯೋಗ ಇಲ್ಲ, ಚುಚ್ಚಿದ ಜಾಗದಲ್ಲಿ ಬರೀ ನೀರು ಸಿಗಬಹುದು. ಎಲ್ಲರಿಗೂ ಬಯಾಪ್ಸಿ ಬೇಕಿಲ್ಲ. ಆದ್ರೆ ಚಿಕ್ಕ ಗಂಟಿಗೆ ‘ಇಡೀ ಕಿಡ್ನಿ ತೆಗೀಬೇಕು, ಸೋಮವಾರ ಅಡ್ಮಿಟ್ ಆಗಿ’ ಅಂದಾಗ ಎರಡು ಪ್ರಶ್ನೆ ಕೇಳೋ ಹಕ್ಕು ನಿಮಗಿದೆ: ಮೊದಲು ಬಯಾಪ್ಸಿ ಮಾಡಿ ನೋಡಬಹುದಾ? ಗಂಟನ್ನಷ್ಟೇ ತೆಗೆದು ಕಿಡ್ನಿ ಉಳಿಸಬಹುದಾ? 4 ಸೆಂ.ಮೀ. ಒಳಗಿನದ್ದಕ್ಕೆ ಎರಡನೆಯದೇ ಈಗಿನ ಮೊದಲ ಆಯ್ಕೆ. ವಯಸ್ಸಾದವರಿಗೆ ಸುಮ್ಮನೆ ನೋಡ್ತಾ ಇರೋದೂ ಒಂದು ಚಿಕಿತ್ಸೆಯೇ. ಈ ಚಿಕ್ಕ ಗಂಟುಗಳು ಸರಾಸರಿ ವರ್ಷಕ್ಕೆ 3 ಮಿ.ಮೀ. ಆಸುಪಾಸು ಬೆಳೆಯೋವು. ಎರಡು ವಾರ ಯೋಚನೆ ಮಾಡೋಕೆ, ಇನ್ನೊಬ್ಬರನ್ನು ಕೇಳೋಕೆ ಸಮಯ ಖಂಡಿತ ಇದೆ. 7 ಸೆಂ.ಮೀ. ದಾಟಿದ್ದು, ರಕ್ತನಾಳದೊಳಗೆ ಇಳಿದದ್ದು ಆದರೆ ಈ ಸಮಾಧಾನದ ಮಾತು ಅನ್ವಯಿಸಲ್ಲ.

ಕೊನೆಗೆ ಯಾವಾಗಲೂ ಬರೋ ಎರಡು ಪ್ರಶ್ನೆ. ಸಾದಾ ಗುಳ್ಳೆ ದೊಡ್ಡದಿದೆ, ನೀರು ತೆಗೆಸಬೇಕಾ? ನೋವಿಲ್ಲ, ಮೂತ್ರದ ದಾರಿ ಒತ್ತಿಲ್ಲ ಅಂದ್ರೆ ಬೇಡ. ಸುಮ್ಮನೆ ಸೂಜಿಯಿಂದ ತೆಗೆದರೆ ಬಹಳ ಸಲ ಮತ್ತೆ ತುಂಬಿಕೊಳ್ಳುತ್ತೆ. ನಿಜವಾಗಲೂ ತೊಂದರೆ ಕೊಡ್ತಿದ್ದರೆ ಒಳಗೆ ಆಲ್ಕೋಹಾಲಿನಂಥ ದ್ರವ ಬಿಟ್ಟು ಗೋಡೆ ಅಂಟಿಸ್ತಾರೆ, ಇಲ್ಲಾ ಲ್ಯಾಪರೊಸ್ಕೋಪಿಯಲ್ಲಿ ಗೋಡೆ ಕತ್ತರಿಸ್ತಾರೆ. ಇನ್ನೊಂದು, ಎರಡೂ ಕಿಡ್ನಿ ತುಂಬ ಗುಳ್ಳೆಗಳಿವೆ, ಅಪ್ಪನಿಗೂ ಡಯಾಲಿಸಿಸ್ ಆಗಿತ್ತು ಅಂದ್ರೆ? ಅದು ಈ ಲೆಕ್ಕಕ್ಕೇ ಸೇರಲ್ಲ, ಅದು ವಂಶದಲ್ಲಿ ಬರೋ ಪಾಲಿಸಿಸ್ಟಿಕ್ ಕಾಯಿಲೆ. ಅದಕ್ಕೆ ನೋಡಬೇಕಾದವರು ನೆಫ್ರಾಲಜಿಸ್ಟ್. ಅಣ್ಣ-ತಂಗಿಯರ ಬಿಪಿಯನ್ನೂ ಈ ವಾರವೇ ನೋಡಿಸಿ.